ಭಟ್ರ ಹೆಸರು ಕೇಳಲೇ ಇಲ್ಲ
2016ರ ನವೆಂಬರ್. ನಾನು ಬೆಂಗಳೂರಿಗೆ ಬಂದು, ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. 8ರ ರಾತ್ರಿ ನೋಟ್ ಬ್ಯಾನ್ ಆಯ್ತು. ಪರ್ಸಿನಲ್ಲಿದ್ದದ್ದು 500ರ ಎರಡೇ ನೋಟು. ಎಟಿಎಂ ಕ್ಯೂನಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಕ್ಯಾಶ್ ಖಾಲಿ.

ಜಯನಗರದ ನಮ್ಮ ಪಿಜಿ ಪಕ್ಕ ಒಂದು ಉಡುಪಿ ಹೋಟೆಲ್. ಬಾಗಿಲಲ್ಲಿ ನಿಂತು ಬೋರ್ಡ್ ಓದುವವಳ ಹಾಗೆ ನಟಿಸ್ತಿದ್ದೆ. ಗಲ್ಲಾದಲ್ಲಿದ್ದ ಮ್ಯಾನೇಜರ್ ಕರೆದರು. "ಚಿಲ್ಲರೆ ಇಲ್ವೇನಮ್ಮಾ? ಮೊದಲು ಊಟ ಮಾಡು. ದುಡ್ಡು ಎಲ್ಲಿಗೆ ಓಡಿ ಹೋಗುತ್ತೆ?"

ಎರಡು ವಾರ ಹಾಗೇ ಉಂಡೆ. ಅವರು ಬರೆದಿಡಲಿಲ್ಲ, ನಾನೇ ಬರೆದಿಟ್ಟುಕೊಂಡೆ. ಕೈಗೆ 100ರ ನೋಟುಗಳು ಸಿಕ್ಕ ದಿನ ಲೆಕ್ಕ ಒಪ್ಪಿಸಿದರೆ, ಮೊದಲ ದಿನದ ಊಟದ ದುಡ್ಡು ವಾಪಸ್ ಕೊಟ್ಟರು. "ಅವತ್ತು ನಾನು ಕರೆದದ್ದಲ್ವಾ? ಊಟಕ್ಕೆ ಕರೆದು ದುಡ್ಡು ತಗೋಬಾರದು."

ಆಮೇಲೆ ಮನೆ ಬದಲಾಯಿತು. ಊಟ ಮೊಬೈಲ್‌ನಲ್ಲಿ ಆರ್ಡರ್ ಮಾಡೋದು ರೂಢಿಯಾಯ್ತು. ಒಮ್ಮೆ ಹೋಗಿ ಮಾತಾಡಿಸಬೇಕು ಅಂದ್ಕೊಳ್ಳೋದರಲ್ಲೇ ವರ್ಷಗಳು ಕಳೆದವು.

ಕಳೆದ ವಾರ ಹೋದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಅವರ ಫೋಟೊ, ಹಾರ. ಕೆಳಗೆ ಅವರ ಹೆಸರು. ನಾನು ಅದನ್ನು ಓದಿದ್ದು ಅದೇ ಮೊದಲು. ನನ್ನ ಹೆಸರು, ಊರು, ಅಮ್ಮನ ಬಿಪಿ ಎಲ್ಲ ಅವರಿಗೆ ಗೊತ್ತಿತ್ತು. ನನಗೆ ಅವರು ಬರೀ 'ಭಟ್ರು'.

ನಿಮ್ಮ ಬೀದಿಯ ಹೋಟೆಲಿನಲ್ಲೂ ಇಂಥವರೊಬ್ಬರು ಇರಬಹುದು. ಇವತ್ತೇ ಹೋಗಿ, ಹೆಸರು ಕೇಳಿ.