ತಂಡದಲ್ಲಿ ನೆಲೆ, ಕಣದಲ್ಲಿ ಸರದಿ

ಮನುಷ್ಯನಿಗೆ ಹುಟ್ಟಿನಿಂದ ಒದಗಿಬರುವ ಗುಣವೊಂದು, ದುಡಿಮೆಯಿಂದ ಉಳಿಸಿಕೊಳ್ಳಬೇಕಾದ ಗುಣ ಇನ್ನೊಂದು. ಮೊದಲನೆಯದನ್ನು ಪ್ರತಿಭೆ ಎನ್ನುತ್ತೇವೆ, ಎರಡನೆಯದನ್ನು ಸಾಧನೆ ಎನ್ನುತ್ತೇವೆ. ಪ್ರತಿಭೆ ತುಂಬಿ ತುಳುಕುತ್ತಿದ್ದು ಸಾಧನೆ ಬತ್ತಿಹೋದಾಗ, ಅಂಥವನನ್ನು ಬಳಗವು ಉಳಿಸಿಕೊಳ್ಳಬೇಕೆ, ಬಿಟ್ಟುಕೊಡಬೇಕೆ? ಮೇಲುನೋಟಕ್ಕೆ ಇದು ಆಟದ ಅಂಗಳದ ಪ್ರಶ್ನೆ. ಆದರೆ ಭಜನಾ ಮಂಡಳಿಯಿರಲಿ, ಒಕ್ಕಲುತನದ ಮನೆಯಿರಲಿ, ಸಹಕಾರಿ ಸಂಘವಿರಲಿ, ನಾಲ್ಕು ಜನ ಕೂಡಿ ದುಡಿಯುವಲ್ಲೆಲ್ಲ ಒಂದಿಲ್ಲೊಂದು ದಿನ ಇದು ಎದುರಾಗುತ್ತದೆ. ಆದ್ದರಿಂದ ಮುದುಕನೊಬ್ಬ ಆಟದ ಮಾತನ್ನು ಎತ್ತಿದನೆಂದು ಓದುಗ ಬಂಧುಗಳು ಬೇಸರಿಸಬಾರದು.

ಕಳೆದ ವರ್ಷ ಮೂಡಲಗಿ ತಾಲೂಕಿನ ಒಂದು ಊರಿನ ಕಬಡ್ಡಿ ತಂಡದ ತರುಣರು, ಜಾತ್ರೆ ಇನ್ನೂ ತಿಂಗಳೊಪ್ಪತ್ತು ಇರುವಾಗ, ಹಿರಿಯರಲ್ಲಿ ತೀರ್ಪು ಕೇಳಲು ಬಂದರು. ಆ ಹಿರಿಯರ ಸಾಲಿನಲ್ಲಿ ನಾನೂ ಇದ್ದೆ. ಅವರ ತಂಡದಲ್ಲಿ ದಾಳಿಗೆ ಹೋಗುವ ಆಟಗಾರನೊಬ್ಬನಿದ್ದ. ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ ಗೆರೆ ದಾಟಿ ಬರುತ್ತಿದ್ದವನು. ಮದುವೆಯಾಯಿತು, ಕೂತು ಮಾಡುವ ನೌಕರಿ ಸಿಕ್ಕಿತು; ಎರಡು ವರ್ಷಗಳಲ್ಲಿ ಮೈಭಾರ ಇಪ್ಪತ್ತು ಕಿಲೊ ಏರಿತು. ಅಭ್ಯಾಸಕ್ಕೆ ಬರುವುದು ನಿಂತಿತ್ತು. ಜಾತ್ರೆಯ ದಿನ ಮಾತ್ರ ಅಂಗಿ ತೊಟ್ಟು ಮುಂದೆ ನಿಲ್ಲುತ್ತಿದ್ದ. ಇತ್ತ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ದಿನವೂ ಬೆಳಗಿನ ಜಾವ ಓಡಿ, ಬೆವರು ಹರಿಸಿ, ಎರಡು ಜಾತ್ರೆಗಳಲ್ಲಿ ಅಂಗಳದ ಅಂಚಿನಲ್ಲಿಯೇ ಕುಳಿತಿದ್ದ. ‘ಅವನಿಂದಲೇ ನಮ್ಮೂರ ಹೆಸರು’ ಎಂದು ಅರ್ಧ ಜನ. ‘ಹೆಸರು ಓಡಿ ಬರುವುದಿಲ್ಲ, ಕಾಲು ಓಡಬೇಕು’ ಎಂದು ಉಳಿದರ್ಧ.

ಕಬಡ್ಡಿಯ ನಿಯಮವನ್ನು ಅರಿತರೆ ಈ ಜಗಳದ ಬೇರು ಕಾಣುತ್ತದೆ. ಪುರುಷರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಎರಡೂ ಕಡೆ ಏಳೇಳು ಜನ. ಒಂದು ದಾಳಿಗೆ 30 ಸೆಕೆಂಡು. ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಅವಧಿ. ಮೊದಲ ಅವಧಿಯಲ್ಲಿ ಪ್ರತಿಭೆ ಎಲ್ಲವನ್ನೂ ಮುಚ್ಚುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ಮುಚ್ಚುವುದಿಲ್ಲ. ಉಸಿರು ಸೋತವನು ಹಿಡಿಗೆ ಸಿಕ್ಕು ಹೊರಗೆ ಕುಳಿತರೆ ಒಳಗೆ ಆರೇ ಜನ. ಅವನ ಮೂಲೆಯನ್ನು ಕಾಯುವ ಹೊರೆ ಪಕ್ಕದವನ ಮೇಲೆ. ಒಬ್ಬನ ಆಲಸ್ಯದ ಬೆಲೆಯನ್ನು ಆರು ಜನ ತೆರುತ್ತಾರೆ.

ಹಾಗೆಂದು ಆ ತರುಣನನ್ನೇ ದೂರಿ ಪ್ರಯೋಜನವಿಲ್ಲ. ನಮ್ಮ ಸೀಮೆಯ ಬದುಕೇ ಬದಲಾಗಿದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ನೀರು ಕಾಲುವೆಗಳಲ್ಲಿ ಹರಿದು ಒಣಭೂಮಿ ಕಬ್ಬಿನ ಗದ್ದೆಯಾಯಿತು. ಬಡತನ ಹಿಂಜರಿಯಿತು, ಅದು ಒಳ್ಳೆಯದೇ. ಆದರೆ ರಂಟೆ, ಕುಂಟೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿತು, ಹೊಲಕ್ಕೆ ನಡೆದು ಹೋಗುತ್ತಿದ್ದ ಕಾಲು ಮೋಟಾರು ಸೈಕಲ್ ಏರಿತು. ಉಣ್ಣುವ ರೂಢಿ ಮಾತ್ರ ನೇಗಿಲು ಹಿಡಿದವನದೇ ಉಳಿಯಿತು. ಗೋಕಾಕದ ಕರದಂಟನ್ನೇ ನೋಡಿ. ಹುರಿದ ಅಂಟು, ಬೆಲ್ಲ, ಒಣಕೊಬ್ಬರಿ, ತುಪ್ಪ, ಗೋಡಂಬಿ ಕೂಡಿದ ಆ ಪದಾರ್ಥ ಬಾಣಂತಿಗೂ ಗರಡಿಯಾಳಿಗೂ ಬಲ ಕೊಡುವಂಥದು. ಸಾಮು ಮಾಡುವವನ ಮೈಯಲ್ಲಿ ಅದು ತೋಳಾಗುತ್ತದೆ, ಕುಳಿತವನ ಮೈಯಲ್ಲಿ ಬೊಜ್ಜಾಗುತ್ತದೆ. ತಪ್ಪು ಕರದಂಟಿನದಲ್ಲ.

ಮೈಭಾರ ಕಂಡ ಮಾತ್ರಕ್ಕೆ ಆಟಗಾರನನ್ನು ತೂಗಬಾರದೆಂಬುದಕ್ಕೆ ನಮ್ಮ ರಾಜ್ಯದ ಅಂಗಳವೇ ಸಾಕ್ಷಿ ನುಡಿದಿದೆ. ಮುಂಬಯಿಯ ಸರ್ಫರಾಜ್ ಖಾನ್ ರಣಜಿ ಪಂದ್ಯಗಳಲ್ಲಿ ವರ್ಷವರ್ಷವೂ ಓಟಗಳ ರಾಶಿ ಹಾಕಿದರೂ ಭಾರತ ತಂಡದ ಬಾಗಿಲು ತೆರೆದಿರಲಿಲ್ಲ. ಅವರ ಮೈಕಟ್ಟಿನ ಬಗೆಗೆ ಟೀಕೆಗಳಿದ್ದವು. ದೇಹದ ಆಕಾರ ನೋಡಿ ಆಟಗಾರರನ್ನು ಆರಿಸುವುದು ತರವಲ್ಲವೆಂದು ಸುನೀಲ ಗಾವಸ್ಕರ 2023ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು. 2024ರ ಫೆಬ್ರುವರಿಯಲ್ಲಿ ರಾಜಕೋಟೆಯಲ್ಲಿ ಸರ್ಫರಾಜ್ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧ ಭಾರತ 46 ಓಟಗಳಿಗೆ ಕುಸಿಯಿತು. ಎರಡನೆಯ ಸರದಿಯಲ್ಲಿ ಇದೇ ದಪ್ಪಮೈಯ ತರುಣ 150 ಓಟ ಗಳಿಸಿದರು. ಪಂದ್ಯ ಕೈತಪ್ಪಿದರೂ ಮಾನ ಉಳಿಯಿತು. ಮುಂದೆ 2025ರಲ್ಲಿ ಇಂಗ್ಲೆಂಡ್ ಪ್ರವಾಸದ ಟೆಸ್ಟ್ ಸರಣಿಗೆ ಅವರ ಹೆಸರು ಬರಲಿಲ್ಲ. ಆ ವರ್ಷವೇ ಅವರು 17 ಕಿಲೊ ತೂಕ ಇಳಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಕಣ್ಣಿನ ಅಳತೆ ಸುಳ್ಳಾಗಬಹುದೆಂಬುದೂ, ಪ್ರತಿಭಾವಂತನೂ ಮೈ ದಂಡಿಸಲೇಬೇಕೆಂಬುದೂ ಇದರಲ್ಲಿ ಒಟ್ಟಿಗೇ ಇವೆ.

ಇನ್ನೊಂದು ಮಗ್ಗುಲಿಗೆ ಕಬಡ್ಡಿಯಲ್ಲೇ ನಿದರ್ಶನವಿದೆ. ಹರಿಯಾಣದ ಪ್ರದೀಪ್ ನರ್ವಾಲ್ ಪ್ರೊ ಕಬಡ್ಡಿಯಲ್ಲಿ 1,800ಕ್ಕೂ ಹೆಚ್ಚು ದಾಳಿ ಅಂಕ ಗಳಿಸಿದ ವೀರ. ಪಟ್ನಾ ತಂಡಕ್ಕೆ ಸಾಲಾಗಿ ಮೂರು ಪ್ರಶಸ್ತಿ ತಂದುಕೊಟ್ಟವರು. 2017ರ ಒಂದೇ ಆವೃತ್ತಿಯಲ್ಲಿ ಅವರು ಪಡೆದ ದಾಳಿ ಅಂಕ 369. ಅವರ ವೇಗ ಇಳಿಮುಖವಾಗಿದ್ದಾಗ, 2024ರಲ್ಲಿ, ಬೆಂಗಳೂರು ಬುಲ್ಸ್ ತಂಡ 70 ಲಕ್ಷ ರೂಪಾಯಿಗೆ ಅವರನ್ನು ಕರೆತಂದಿತು. ಆ ಆವೃತ್ತಿಯ 22 ಪಂದ್ಯಗಳಲ್ಲಿ ತಂಡ ಗೆದ್ದದ್ದು ಎರಡು. ಸೋಲಿನ ಹೊಣೆಯೆಲ್ಲ ಒಬ್ಬರದಲ್ಲ, ನಿಜ. ಆದರೆ 2025ರ ಹರಾಜಿನಲ್ಲಿ ಅವರನ್ನು ಕೊಳ್ಳುವವರಿಲ್ಲದೆ, ಅವರು ಆಟಕ್ಕೇ ವಿದಾಯ ಹೇಳಿದರು. ನಿನ್ನೆಯ ಕೀರ್ತಿ ಇಂದಿನ ದಾಳಿಗೆ ಉಸಿರಾಗದು.

ಅಮೆರಿಕೆಯ ಬಾಸ್ಕೆಟ್‌ಬಾಲ್ ಲೋಕ ಮೂರನೆಯ ದಾರಿಯೊಂದನ್ನು ಹಿಡಿಯಿತು. ಜಯಾನ್ ವಿಲಿಯಮ್ಸನ್ ಎಂಬ ಭಾರಿ ಮೈಯ ಆಟಗಾರನನ್ನು ನ್ಯೂ ಆರ್ಲಿಯನ್ಸ್ ತಂಡ 2019ರಲ್ಲಿ ಇಡೀ ದೇಶದ ಮೊದಲ ಆಯ್ಕೆಯಾಗಿ ಪಡೆದಿತ್ತು. 2021-22ರಲ್ಲಿ ಆತ ಗಾಯದಿಂದ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೂ 2022ರಲ್ಲಿ ತಂಡ ಕೈಬಿಡದೆ ಹೊಸ ಕರಾರು ಮಾಡಿಕೊಂಡಿತು. ಅದರಲ್ಲಿ ಮೈತೂಕದ ಷರತ್ತೂ ಇದ್ದಿತೆಂದು ವರದಿಯಾಯಿತು. 2023-24ರಲ್ಲಿ ಆತ 70 ಪಂದ್ಯ ಆಡಿದ. ಮರುವರ್ಷ ಮತ್ತೆ 30ಕ್ಕೆ ಇಳಿಯಿತು. ಷರತ್ತು ಬೇಕು, ಆದರೆ ಷರತ್ತೊಂದೇ ದೇಹವನ್ನು ಆಳಲಾರದು.

ನನಗೆ ಇದರ ಪಾಠ ಮೊದಲು ದೊರೆತದ್ದು ಮಠದ ಪಾಠಶಾಲೆಯಲ್ಲಿ. ನಮ್ಮ ಓರಗೆಯ ವಿದ್ಯಾರ್ಥಿಯೊಬ್ಬನದು ಜೇನಿನಂಥ ಕಂಠ. ಆ ಸೊಕ್ಕಿನಲ್ಲಿ ಬೆಳಗಿನ ಅಭ್ಯಾಸವನ್ನು ಬಿಟ್ಟ. ಗುರುಗಳು ಗದರಲಿಲ್ಲ. ಪಂಕ್ತಿಯಲ್ಲಿ ಅವನ ತಟ್ಟೆ ಇದ್ದಲ್ಲಿಯೇ ಇತ್ತು, ಪಾಠದಲ್ಲಿ ಅವನ ಚಾಪೆ ಇದ್ದಲ್ಲಿಯೇ ಇತ್ತು. ಸಂಜೆಯ ಪ್ರಾರ್ಥನೆಯನ್ನು ಮುಂದೆ ನಿಂತು ಹಾಡುವ ಸರದಿ ಮಾತ್ರ, ಸಾಧಾರಣ ಕಂಠದ, ತಪ್ಪದೆ ಅಭ್ಯಾಸ ಮಾಡುವ ಮತ್ತೊಬ್ಬನಿಗೆ ಹೋಯಿತು. ಆರು ತಿಂಗಳ ಮೇಲೆ ಅವನೇ ನಸುಕಿನಲ್ಲಿ ಎದ್ದು ಬಂದ. ಹೊರಗೆ ಹಾಕಿದ್ದರೆ ಆ ಕಂಠ ಯಾವ ಸಂತೆಯಲ್ಲಿ ಕಳೆದುಹೋಗುತ್ತಿತ್ತೋ!

ಆದಕಾರಣ ಮೂಡಲಗಿಯ ಆ ತರುಣರಿಗೆ ನಾನು ಹೇಳಿದ್ದು ಇಷ್ಟು: ‘ತಂಡದಲ್ಲಿ ಇರಿಸಿಕೊಳ್ಳುವುದು ಬೇರೆ, ಕಣಕ್ಕೆ ಇಳಿಸುವುದು ಬೇರೆ. ನೆಲೆ ಋಣದಿಂದ ಬರುತ್ತದೆ, ಸರದಿ ದುಡಿಮೆಯಿಂದ ಬರುತ್ತದೆ. ಅವನನ್ನು ತೆಗೆಯಬೇಡಿರಿ, ಈ ಜಾತ್ರೆಗೆ ಆಡಿಸಲೂ ಬೇಡಿರಿ. ಹೊಟ್ಟೆಯನ್ನು ಅಳೆಯದೆ ಉಸಿರನ್ನು ಅಳೆಯಿರಿ. ಪೂರ್ತಿ ನಲವತ್ತು ನಿಮಿಷ ಅಭ್ಯಾಸದಲ್ಲಿ ನಿಂತ ದಿನ ಅಂಗಿ ಕೊಡಿರಿ. ಮೊದಲು ವೈದ್ಯರಿಗೆ ತೋರಿಸಿರಿ. ಏರಿದ ಭಾರದ ಹಿಂದೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಅಡಗಿದ್ದರೆ ಒಮ್ಮೆಲೇ ಓಡಿಸುವುದು ಅಪಾಯ.’

ಆ ಜಾತ್ರೆಯಲ್ಲಿ ಹುಡುಗ ಆಡಿದ. ತಂಡ ಎರಡನೆಯ ಸುತ್ತಿನಲ್ಲಿ ಸೋತಿತು. ‘ಅಜ್ಜನ ಮಾತು ಕೇಳಿ ಢಾಲು ಕಳಕೊಂಡೆವು’ ಎಂದವರೂ ಉಂಟು. ಹಿರಿಯ ಆಟಗಾರ ಒಂದು ವಾರ ಮುಖ ತಿರುಗಿಸಿ, ಆಮೇಲೆ ಅಭ್ಯಾಸಕ್ಕೆ ಬಂದ. ಇಪ್ಪತ್ತರಲ್ಲಿ ಒಂಬತ್ತು ಕಿಲೊ ಇಳಿದಿದೆ. ನಲವತ್ತು ನಿಮಿಷ ಇನ್ನೂ ನಿಂತಿಲ್ಲ. ಆದರೆ ತಾನು ಗೆರೆ ದಾಟುತ್ತಿದ್ದ ಹೆಜ್ಜೆಯನ್ನು ಆ ಹುಡುಗನಿಗೆ ಕಲಿಸುತ್ತಿದ್ದಾನೆ. ಢಾಲಿಗಿಂತ ಇದು ದೊಡ್ಡದೆಂದು ನನ್ನ ನಂಬಿಕೆ. ಒಪ್ಪದವರೊಡನೆ ನನಗೆ ವಾದವಿಲ್ಲ.

ತಾಯಂದಿರಲ್ಲಿ, ಮನೆಯ ಹಿರಿಯರಲ್ಲಿ ಒಂದು ಬಿನ್ನಹ. ದಪ್ಪಗಾದ ಮಗನನ್ನು ನಾಲ್ಕು ಜನರೆದುರು ಹಾಸ್ಯ ಮಾಡಬೇಡಿರಿ. ನಾಚಿದವನು ಅಂಗಳದಿಂದ ಇನ್ನೂ ದೂರ ಸರಿಯುತ್ತಾನೆ. ‘ನಮ್ಮ ಮಗ ಹುಲಿ, ಅವನಿಗೆ ಅಭ್ಯಾಸ ಏಕೆ’ ಎಂದು ಹೊಗಳಲೂ ಬೇಡಿರಿ. ಅದು ಹಾಸ್ಯಕ್ಕಿಂತ ಹೆಚ್ಚು ಕೆಡಿಸುತ್ತದೆ. ಬೆಳಗ್ಗೆ ಬೇಗನೆ ಎಬ್ಬಿಸಿರಿ, ಸಾಧ್ಯವಾದರೆ ಅವನೊಡನೆ ನೀವೂ ನಾಲ್ಕು ಹೆಜ್ಜೆ ನಡೆಯಿರಿ. ಕಾಯವನ್ನು ಕಡೆಗಣಿಸಿದವನಿಂದ ಕಾಯಕ ಬಹುಕಾಲ ನಡೆಯುವುದಿಲ್ಲ.