ಎದೆಯೇರಿದ ಕುಲೆ

ಮುಂಬಯಿಯ ಕೋಟೆ ಪ್ರದೇಶದ ಹೋಟೆಲುಗಳಲ್ಲಿ ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ತುಳುನಾಡಿನ ಹುಡುಗರಿಗೆ ನಿದ್ರೆಯಷ್ಟು ದುಬಾರಿಯಾದುದು ಬೇರೊಂದಿರಲಿಲ್ಲ. ಮೇಜುಗಳನ್ನು ಜೋಡಿಸಿ ಅಂಗಾತ ಮಲಗಿದವನಿಗೆ ನಸುಕಿನಲ್ಲಿ ಎಚ್ಚರವಾಗುತ್ತದೆ. ಕಣ್ಣು ತೆರೆದಿದೆ, ಕೈಕಾಲು ಆಡದು, ಕೂಗು ಗಂಟಲಲ್ಲೇ ಉಳಿಯುತ್ತದೆ, ಎದೆಯ ಮೇಲೆ ಯಾರೋ ಕುಳಿತ ಭಾರ. ಹೆಸರಿಗಾಗಿ ದೂರ ಹೋಗಬೇಕಿರಲಿಲ್ಲ: ಕುಲೆ, ಸತ್ತವರ ಪ್ರೇತ.

ಶರೀರಶಾಸ್ತ್ರದ ಉತ್ತರ ಸರಳ. ಕನಸು ಬೀಳುವ ನಿದ್ರೆಯಲ್ಲಿ ಮೆದುಳು ಸ್ನಾಯುಗಳನ್ನು ನಿಶ್ಚಲವಾಗಿಡುತ್ತದೆ. ಪ್ರಜ್ಞೆ ಮುಂದಾಗಿ ಎಚ್ಚೆತ್ತರೆ ಕನಸಿನ ತುಣುಕು ಕೋಣೆಯಲ್ಲೇ ನಿಂತಂತೆ ತೋರುತ್ತದೆ. ನಿದ್ರೆಗೇಡು ಇದನ್ನು ಹೆಚ್ಚಿಸುತ್ತದೆ. ಅಂಗಾತ ಮಲಗುವುದೂ ಕೂಡ. ಹೆನ್ರಿ ಫ್ಯೂಸ್ಲಿ 1781ರಲ್ಲಿ ಬರೆದ ‘ದುಃಸ್ವಪ್ನ’ ಚಿತ್ರದಲ್ಲಿಯೂ ಮಲಗಿದವಳ ಎದೆಯ ಮೇಲೆ ಒಂದು ದೆವ್ವ ಕುಳಿತಿದೆ.

ಆದರೆ ಅದು ಎಲ್ಲಿಯದೋ, ಕುಲೆಯಾದರೋ ಮನೆಯದು. ಮದುವೆಯಾಗದೆ ಸತ್ತವರಿಗೂ ಮದುವೆ ಮಾಡಿಸುವ ರೂಢಿಯುಳ್ಳ ತುಳುವರಲ್ಲಿ ಸಾವಿನಿಂದ ನಂಟು ಹರಿಯುವುದಿಲ್ಲ. ಊರು ಬಿಟ್ಟು ಬಂದವನ ಎದೆಯೇರಿದ ಕುಲೆ, ಅವನಿನ್ನೂ ಆ ಮನೆಯವನೇ ಎನ್ನುತ್ತಿತ್ತು. ವೈದ್ಯಶಾಸ್ತ್ರ ಕೊಡಲಾರದ ಆಸರೆ ಆ ಭಯದಲ್ಲಿತ್ತು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಹರಕೆಯ ಹಣ ಊರಿಗೆ ಹೋಗುತ್ತಿತ್ತು. ನಸುಕಿಗೇ ಎದ್ದು ಒಲೆ ಹಚ್ಚುವ ಕ್ರಮವನ್ನು ಮಾತ್ರ ಯಾರೂ ದೂರಲಿಲ್ಲ.