ಮೋಟರ್ ಆಫ್ ಮಾಡುವವರು ಯಾರು

ಜೂನ್ 7, 2025, ಶನಿವಾರ

ಅಟ್ಟದ ಮೇಲಿದ್ದ ಹಳೇ ಲ್ಯಾಪ್‌ಟಾಪಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಡೆಬಿಯನ್ 12 ಹಾಕಿದೆ, ಮೇಲೆ ಡಾಕರ್. ಬ್ಯಾಟರಿಯಲ್ಲಿ ಇನ್ನೂ ಜೀವ ಇದೆ, ಹಾಗಾಗಿ ಕರೆಂಟ್ ಹೋದರೆ ಬೇರೆ ಯುಪಿಎಸ್ ಬೇಡ. ಮುಚ್ಚಳ ಮುಚ್ಚಿದ ಕೂಡಲೇ ನಿದ್ದೆಗೆ ಜಾರುವ ಚಾಳಿಯನ್ನು ಮಾತ್ರ ಸೆಟ್ಟಿಂಗಿನಲ್ಲಿ ಬಿಡಿಸಬೇಕಾಯಿತು.

ಇಷ್ಟೆಲ್ಲ ಮಾಡುತ್ತಿರುವುದು ಸಂಪಿನ ಮೋಟರಿಗಾಗಿ. ಕಾವೇರಿ ನೀರು ದಿನ ಬಿಟ್ಟು ದಿನ. ಅಮ್ಮ ಮೋಟರ್ ಹಾಕಿ ಪೂಜೆಗೆ ಕೂತರೆ ಟ್ಯಾಂಕ್ ತುಂಬಿ ಬೀದಿಗೆ ಹರಿಯುತ್ತದೆ, ಎದುರುಮನೆಯವರು ಕೂಗಿ ಹೇಳಬೇಕು. ಅಂಗಡಿಯಲ್ಲಿ ಸಿಗುವ ‘ಸ್ಮಾರ್ಟ್’ ಸ್ವಿಚ್ಚುಗಳಲ್ಲಿ ಬಹುಪಾಲು ಯಾವುದೋ ದೇಶದ ಸರ್ವರನ್ನು ಕೇಳಿ ಆಮೇಲೆ ನಮ್ಮ ಮೋಟರ್ ಆಫ್ ಮಾಡುವಂಥವು. ಹತ್ತಡಿ ದೂರದ ಮೋಟರಿಗೆ ಅಷ್ಟು ದೂರದ ಅಪ್ಪಣೆ ಯಾಕೆ? ಅದಕ್ಕೇ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ. 2013ರಲ್ಲಿ ಪೌಲಸ್ ಸ್ಕೌಟ್ಸೆನ್ ಪೈಥಾನ್‌ನಲ್ಲಿ ಬರೆಯಲು ತೊಡಗಿದ್ದು. ಇಂಟರ್‌ನೆಟ್ ಇಲ್ಲದಿದ್ದರೂ ಮನೆಯೊಳಗೇ ನಡೆಯುತ್ತದೆ.

ಜೂನ್ 8, ಭಾನುವಾರ

ಹೋದ ತಿಂಗಳು ಹೋಮ್ ಅಸಿಸ್ಟೆಂಟ್ ಯೋಜನೆಯವರು ಕೋರ್, ಸೂಪರ್‌ವೈಸ್ಡ್ ಎಂಬ ಎರಡು ಬಗೆಯ ಇನ್‌ಸ್ಟಾಲೇಶನ್ನಿಗೆ 2025.12ರ ಆವೃತ್ತಿಯ ನಂತರ ಬೆಂಬಲ ಇಲ್ಲ ಎಂದು ಪ್ರಕಟಿಸಿದರು. ಉಳಿಯುವುದು ಅವರದೇ ಆಪರೇಟಿಂಗ್ ಸಿಸ್ಟಮ್, ಇಲ್ಲವೇ ಕಂಟೇನರ್. ಮೊದಲನೆಯದು ಇಡೀ ಯಂತ್ರವನ್ನೇ ಕೇಳುತ್ತದೆ. ನನಗೆ ಇದೇ ಲ್ಯಾಪ್‌ಟಾಪಿನಲ್ಲಿ ಮನೆಯ ಫೋಟೋಗಳೂ ಇರಬೇಕು. ಆದ್ದರಿಂದ ಡಾಕರಿನಲ್ಲಿ ಓಡುವ ಕಂಟೇನರ್. ವಠಾರದ ಹಾಗೆ: ಪ್ರತಿ ಸಂಸಾರಕ್ಕೂ ಬೇರೆ ಬಾಗಿಲು, ಬೇರೆ ಒಲೆ, ಬಾವಿ ಮಾತ್ರ ಒಂದೇ. ಇಲ್ಲಿ ಆ ಬಾವಿ ಲಿನಕ್ಸ್ ಕರ್ನಲ್.

ಕಂಪೋಸ್ ಫೈಲು ಚಿಕ್ಕದು. ಸ್ಟೇಬಲ್ ಇಮೇಜು, ಹೊರಗಿನ ಫೋಲ್ಡರೊಂದನ್ನು ಒಳಗಿನ ಕಾನ್ಫಿಗ್‌ಗೆ ಜೋಡಿಸುವ ಸಾಲು, ಟೈಮ್‌ಝೋನ್ ಏಷ್ಯಾ–ಕೋಲ್ಕತಾ, ನಾವೇ ನಿಲ್ಲಿಸದ ಹೊರತು ತಾನೇ ಮತ್ತೆ ಏಳಲಿ ಎಂಬ ಸೂಚನೆ, ಕೊನೆಗೆ ನೆಟ್‌ವರ್ಕ್ ಮೋಡ್ ಹೋಸ್ಟ್. ಈ ಕೊನೆಯದನ್ನು ಬಿಡುವ ಹಾಗಿಲ್ಲ. ಮನೆಯ ಸಾಧನಗಳು ‘ನಾನಿಲ್ಲಿದ್ದೀನಿ’ ಎಂದು ವೈಫೈಯಲ್ಲಿ ಕೂಗುವ ಕೂಗು ಡಾಕರಿನ ಸ್ವಂತ ನೆಟ್‌ವರ್ಕಿನ ಗೋಡೆ ದಾಟುವುದಿಲ್ಲ. ಹೋಸ್ಟ್ ಮೋಡ್ ಕೊಟ್ಟು 8123ನೇ ಪೋರ್ಟ್ ತೆರೆದರೆ ಟಿವಿ ಆಗಲೇ ಪಟ್ಟಿಯಲ್ಲಿ ಕೂತಿತ್ತು.

ಆಡ್‌ಆನ್ ಅಂಗಡಿ ಈ ರೂಪದಲ್ಲಿ ಇಲ್ಲ. ಬೇಕಾದ್ದನ್ನೆಲ್ಲ ನಾವೇ ಬೇರೆ ಕಂಟೇನರಾಗಿ ಎಬ್ಬಿಸಬೇಕು. ಇಎಸ್‌ಪಿ ಚಿಪ್ಪುಗಳಿಗೆ ಪ್ರೋಗ್ರಾಂ ಹಾಕುವ ಇಎಸ್‌ಪಿಹೋಮ್ ಹಾಗೇ ಬಂತು.

ಜೂನ್ 14, ಶನಿವಾರ

ಎಲೆಕ್ಟ್ರಿಷಿಯನ್ ಬಂದಿದ್ದರು. ನಾನು ಎಸ್.ಪಿ. ರೋಡಿನಿಂದ ತಂದ ರಿಲೇ ಬೋರ್ಡನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, “ಸಾರ್, ಈ ಆಟದ ಸಾಮಾನಿಗೆ ಒಂದು ಎಚ್‌ಪಿ ಮೋಟರ್ ಕಟ್ತೀರಾ?” ಅಂದರು. ಮೇಲೆ 10 ಆಂಪಿಯರ್ ಅಂತ ಬರೆದಿದೆಯಲ್ಲ ಅಂದೆ. “ಓಡೋವಾಗ ಅಷ್ಟು ಎಳೆಯಲ್ಲ, ಒಪ್ದೆ. ಸ್ಟಾರ್ಟ್ ಆಗೋವಾಗ ಅದರ ಎಷ್ಟೋ ಪಟ್ಟು ಎಳೆಯುತ್ತೆ. ಒಳಗಿನ ಪಾಯಿಂಟ್ ಒಂದು ಸಲ ಅಂಟ್ಕೊಂಡ್ರೆ ನಿಮ್ಮ ಕಂಪ್ಯೂಟರ್ ಆಫ್ ಅಂದ್ರೂ ಮೋಟರ್ ಓಡ್ತಾನೇ ಇರುತ್ತೆ. ಕಾಂಟ್ಯಾಕ್ಟರ್ ಹಾಕಣ.”

ಹಾಗೇ ಆಯಿತು. ರಿಲೇ ಈಗ ಕಾಂಟ್ಯಾಕ್ಟರಿನ ಕಾಯಿಲ್ ಒಂದನ್ನೇ ಎಳೆಯುತ್ತದೆ, ಮೋಟರಿನ ಭಾರ ಹೊರುವುದು ಕಾಂಟ್ಯಾಕ್ಟರ್. ಆ ಕಾಯಿಲ್ಲಿನ ವೈರಿನ ನಡುವೆಯೇ ಟ್ಯಾಂಕಿನ ಫ್ಲೋಟ್ ಸ್ವಿಚ್ಚನ್ನೂ ಸೇರಿಸಿದರು. ನೀರು ಮೇಲೆ ಬಂದು ಫ್ಲೋಟ್ ಎತ್ತಿದರೆ ಕಾಯಿಲ್ ಬಿಡುತ್ತದೆ, ಮೋಟರ್ ನಿಲ್ಲುತ್ತದೆ. ಇಲ್ಲಿ ಪೈಥಾನೂ ಇಲ್ಲ, ಡಾಕರೂ ಇಲ್ಲ. ಇಡೀ ಏರ್ಪಾಟಿನಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಈ ಪ್ಲಾಸ್ಟಿಕ್ ಉಂಡೆಯ ಮೇಲೆ.

“ನಿನ್ನ ಲ್ಯಾಪ್‌ಟಾಪ್ ಕೈಕೊಟ್ರೆ ನಾನು ನೀರಿಗೆ ಏನ್ಮಾಡ್ಲಿ?” ಅಂದಳು ಅಮ್ಮ. ಆಟೋ–ಮ್ಯಾನ್ಯುಯಲ್ ಸ್ವಿಚ್ಚು ತೋರಿಸಿದೆ. ಎರಡು ಸಲ ತಾನೇ ತಿರುಗಿಸಿ ನೋಡಿ, ಸರಿ ಅಂದಳು.

ಜೂನ್ 15, ಭಾನುವಾರ

ನೀರಿನ ಮಟ್ಟಕ್ಕೆ ಅಲ್ಟ್ರಾಸೋನಿಕ್ ಸೆನ್ಸರ್, ಜೊತೆಗೆ ಇಎಸ್‌ಪಿ32 ಎಂಬ ವೈಫೈ ಚಿಪ್. ಈ ಸೆನ್ಸರಿಗೆ ಹೆಚ್ಚುಕಡಿಮೆ ಒಂದು ಗೇಣಿಗಿಂತ ಹತ್ತಿರದ ನೀರು ಕಾಣುವುದಿಲ್ಲ. ಹಾಗಾಗಿ ಟ್ಯಾಂಕಿನ ಮುಚ್ಚಳದ ಮೇಲೆ ಪೈಪಿನ ತುಂಡು ನಿಲ್ಲಿಸಿ ಅದರ ತುದಿಗೆ ಕೂರಿಸಿದೆ.

ಸರ್ವರ್ ಸತ್ತರೆ ಏನಾಗುತ್ತದೆ ನೋಡೋಣ ಎಂದು ಬೇಕೆಂದೇ ಕಂಟೇನರ್ ನಿಲ್ಲಿಸಿ ಸಂಪಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಮೋಟರ್ ಓಡುತ್ತಲೇ ಇತ್ತು. ಕಾಲು ಗಂಟೆ ಕಳೆದದ್ದೇ ರಿಲೇ ಟಕ್ ಎಂದು ಬಿಟ್ಟಿತು. ಇಎಸ್‌ಪಿಹೋಮಿನ ಕಟ್ಟಳೆ ಇದು: ಹೋಮ್ ಅಸಿಸ್ಟೆಂಟ್ ಜೊತೆ 15 ನಿಮಿಷ ಸಂಪರ್ಕ ಇಲ್ಲದಿದ್ದರೆ ಸಾಧನ ತಾನೇ ರೀಬೂಟ್ ಆಗುತ್ತದೆ. ರೀಬೂಟ್ ಆದಾಗ ರಿಲೇ ಆಫ್ ಇರಲಿ ಎಂದು ನಾನು ಬರೆದಿಟ್ಟಿದ್ದೇನೆ. ಬೇಡವೆನ್ನುವವರು ಆ ಅವಧಿಯನ್ನು ಸೊನ್ನೆ ಮಾಡಬಹುದು. ದೀಪದ ಸ್ವಿಚ್ಚಾಗಿದ್ದರೆ ನಾನೂ ಮಾಡುತ್ತಿದ್ದೆ. ಮೋಟರಿಗೆ ಹೀಗೇ ಇರಲಿ. ಕೇಳುವವರಿಲ್ಲದೆ ಓಡುವುದಕ್ಕಿಂತ ನಿಲ್ಲುವುದು ಮೇಲು.

ಜೂನ್ 22, ಭಾನುವಾರ

ಹೊಸ ಆವೃತ್ತಿ ಹಾಕಿದೆ. ಹೊಸ ಇಮೇಜು ಎಳೆದುಕೊಂಡು ಕಂಟೇನರ್ ಮತ್ತೆ ಎಬ್ಬಿಸಿದ್ದಷ್ಟೇ, ಎರಡು ಆಜ್ಞೆ. ಹಳೇ ಕಂಟೇನರ್ ಹೋದರೂ ಕಾನ್ಫಿಗ್ ಫೋಲ್ಡರ್ ಹೊರಗಿದೆ, ಎಲ್ಲ ಇದ್ದಂತೆಯೇ ಇದೆ. ತಿಂಗಳಿಗೊಂದು ಆವೃತ್ತಿ ಬರುತ್ತದೆ. ಏನು ಬದಲಾಗಿದೆ ಎಂದು ಓದದೆ ಹಾಕುವುದಿಲ್ಲ.

ಬ್ಯಾಕಪ್ ವಿಷಯ. ಹೋಮ್ ಅಸಿಸ್ಟೆಂಟ್ ತಾನೇ ಮಾಡಿಕೊಳ್ಳುವ ಪ್ರತಿ ಅದೇ ಕಾನ್ಫಿಗ್ ಫೋಲ್ಡರಿನಲ್ಲಿ, ಅಂದರೆ ಅದೇ ಡಿಸ್ಕಿನಲ್ಲಿ ಕೂರುತ್ತದೆ. ಡಿಸ್ಕ್ ಹೋದರೆ ಎರಡೂ ಹೋದವು. ಇನ್ನೊಂದು: ಸಾಧನಗಳ ಪಟ್ಟಿ, ಬಳಕೆದಾರರ ವಿವರ ಎಲ್ಲ ಇರುವುದು ಚುಕ್ಕಿಯಿಂದ ಶುರುವಾಗುವ ಹೆಸರಿನ ಸ್ಟೋರೇಜ್ ಫೋಲ್ಡರಿನಲ್ಲಿ, ಮಾಮೂಲಿ ಪಟ್ಟಿಯಲ್ಲಿ ಕಾಣದು. ಕಂಡ ಫೈಲುಗಳನ್ನಷ್ಟೇ ನಕಲು ಮಾಡಿಕೊಂಡರೆ ಕೈಗೆ ಸಿಗುವುದು ಅರ್ಧ ಮನೆ. ರಾತ್ರಿ ಇಡೀ ಫೋಲ್ಡರ್ ಹೊರಗಿನ ಡಿಸ್ಕಿಗೆ ಹೋಗುವಂತೆ ಮಾಡಿದ್ದೇನೆ.

ಧಾರವಾಡದಿಂದ ತಮ್ಮ ಫೋನ್ ಮಾಡಿ, ತನ್ನ ಮನೆಗೂ ಇದನ್ನೇ ಹಾಕಿಕೊಡು ಅಂದ. ಅವನು ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ, ಮನೆಯಲ್ಲಿ ಲಿನಕ್ಸ್ ಮುಟ್ಟುವವರು ಬೇರೆ ಯಾರೂ ಇಲ್ಲ. ಅವನಿಗೆ ಕಂಟೇನರ್ ಬೇಡ. ಚಿಕ್ಕ ಯಂತ್ರ ಒಂದು ಕೊಂಡು ಹೋಮ್ ಅಸಿಸ್ಟೆಂಟಿನವರದೇ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲಿ. ಫ್ಲೋಟ್ ಸ್ವಿಚ್ ಮಾತ್ರ ಅದಕ್ಕೂ ಮೊದಲು ಹಾಕಿಸಲಿ.